ಹಳೆಯ ಅಮೆರಿಕನ್ ಬೆಳ್ಳಿ ನಾಣ್ಯ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ವಿದೇಶಿ ನಾಣ್ಯ ಸಂಗ್ರಹದ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಜಾಸ್ತಿ ಅಮೆರಿಕದಲ್ಲಿರುವ ಕನ್ನಡಿಗರದ್ದು, ಇಲ್ಲವೇ ಇಲ್ಲಿರುವ ಅವರ ಅಪ್ಪ ಅಮ್ಮಂದಿರದ್ದು. ಹೆಚ್ಚಿನವರು ಕೇಳಿದ್ದು ಅಮೆರಿಕದ ಮೊದಲ ಕಾಲದ ಬೆಳ್ಳಿಯ ಬಗ್ಗೆ. ಅಂದರೆ 1792ರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಗೆ ಕಾಯಿದೆ ಆದಾಗಿನಿಂದ 1836ರಲ್ಲಿ ಅಲ್ಲಿಗೆ ಉಗಿಯಂತ್ರ ಬರುವವರೆಗಿನದು. ಆ ಕಾಲದಲ್ಲಿ ನಾಣ್ಯ ಅಚ್ಚಾಗುತ್ತಿದ್ದದ್ದು ಸ್ಕ್ರೂ ಪ್ರೆಸ್ಸಿನಲ್ಲಿ, ಆಳುಗಳ ತೋಳಿನ ಬಲದಿಂದ. ಇದೊಂದನ್ನು ನೆನಪಿಟ್ಟುಕೊಂಡು ಓದಿ. ಅಸಲಿ ಯಾವುದು, ನಕಲಿ ಯಾವುದು, ಯಾವುದಕ್ಕೆ ಯಾಕೆ ಅಷ್ಟು ಬೆಲೆ ಅನ್ನೋದೆಲ್ಲ ಅಲ್ಲಿಂದಲೇ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಅಮೆರಿಕದ ಮೊದಲ ಬೆಳ್ಳಿ ನಾಣ್ಯಗಳನ್ನು ಸಂಗ್ರಹಿಸುವ ಆಸೆ ಇದೆ. 1794ರ ಡಾಲರ್ ಬೆಲೆ ಕೇಳಿ ಸುಮ್ಮನಾದೆ. ಸಂಬಳದಲ್ಲಿ ಬದುಕುವವರಿಗೆ ಇದರಲ್ಲಿ ಏನಾದರೂ ಸಿಗುತ್ತಾ? (ಓದುಗರು, ನ್ಯೂಜೆರ್ಸಿ)

ಉತ್ತರ: ಸಿಗುತ್ತೆ, ಚೆನ್ನಾಗಿಯೇ ಸಿಗುತ್ತೆ. 1794ರ ಡಾಲರನ್ನು ಮ್ಯೂಸಿಯಂನಲ್ಲಿ ನೋಡಿ ಸಂತೋಷಪಡೋಣ. ಆ ವರ್ಷ ಅಕ್ಟೋಬರ್ 15ರಂದು ಟಂಕಸಾಲೆಯಿಂದ ಹೊರಬಂದದ್ದೇ 1,758 ಡಾಲರ್. ಅದರಲ್ಲಿ ಒಂದು 2013ರ ಜನವರಿಯಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ ಡಾಲರ್ ದಾಟಿತು.

ನೀವು ಶುರು ಮಾಡಬೇಕಾದದ್ದು ಕ್ಯಾಪ್ಡ್ ಬಸ್ಟ್ ಹಾಫ್ ಡಾಲರಿನಿಂದ. ಟೋಪಿ ತೊಟ್ಟ ಲಿಬರ್ಟಿಯ, ಅಂದರೆ ಸ್ವಾತಂತ್ರ್ಯ ದೇವಿಯ, ಚಿತ್ರವಿರುವ ಅರ್ಧ ಡಾಲರ್ ನಾಣ್ಯ. 1807ರಿಂದ 1836ರವರೆಗೆ ಅಚ್ಚಾದದ್ದು. ಯಾಕೆ ಇದನ್ನೇ ಹೇಳುತ್ತೇನೆ ಅಂದರೆ, 1804ರ ನಂತರ ಡಾಲರ್ ಅಚ್ಚು ಹಾಕುವುದು ನಿಂತೇ ಹೋಯಿತು, ಹಾಗಾಗಿ ದೇಶದಲ್ಲಿ ತಯಾರಾಗುವ ಬೆಳ್ಳಿ ನಾಣ್ಯಗಳಲ್ಲಿ ಇದೇ ದೊಡ್ಡದಾಯಿತು, ಬ್ಯಾಂಕುಗಳು ಇದನ್ನೇ ಚೀಲಗಟ್ಟಲೆ ಠೇವಣಿಯಾಗಿ ಇಟ್ಟುಕೊಂಡವು, ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಚೀಲದಲ್ಲೇ ಓಡಾಡಿಸಿದವು. ಸಂತೆ ಅಂಗಡಿಗಳಲ್ಲಿ ಕೈಯಿಂದ ಕೈಗೆ ಹೋದದ್ದು ಕಡಿಮೆ. ಅದಕ್ಕೇ ಇನ್ನೂರು ವರ್ಷ ಹಳೆಯದಾದರೂ ಕೂದಲಿನ ಎಳೆ, ಹದ್ದಿನ ಗರಿ ಎಲ್ಲ ಸ್ಪಷ್ಟವಾಗಿ ಕಾಣುವ ನಾಣ್ಯಗಳು ಇವತ್ತಿಗೂ ಸಿಗುತ್ತವೆ. 1820 ಮತ್ತು 1830ರ ದಶಕದ ಸಾಮಾನ್ಯ ವರ್ಷದ್ದು, ಹದವಾಗಿ ಸವೆದದ್ದು, ನೂರರಿಂದ ಇನ್ನೂರು ಡಾಲರಿನೊಳಗೆ ಬರುತ್ತದೆ. 1815ರದ್ದನ್ನು ಸದ್ಯಕ್ಕೆ ಮುಟ್ಟಬೇಡಿ. ಆ ವರ್ಷದ್ದು 47,150 ಮಾತ್ರ, ಅಚ್ಚನ್ನೂ 1812ರ ಹಳೆಯ ಅಚ್ಚಿನ ಮೇಲೆ ಅಂಕಿ ತಿದ್ದಿ ಮಾಡಿದ್ದು. ಬೆಲೆ ಬೇರೆಯೇ ಮಟ್ಟದಲ್ಲಿದೆ.

ಕೈಗೆ ಬಂದ ಮೇಲೆ ಒಂದು ಭೂತಗನ್ನಡಿ ಹಿಡಿದು ಕೂತುಕೊಳ್ಳಿ. ಈ ವಿನ್ಯಾಸ ಮಾಡಿದ್ದು ಜರ್ಮನಿಯಿಂದ ವಲಸೆ ಬಂದ ಜಾನ್ ರೈಕ್. 1807ರಿಂದ 1817ರವರೆಗೆ ಟಂಕಸಾಲೆಯಲ್ಲಿ ಸಹಾಯಕ ಕೆತ್ತನೆಗಾರನಾಗಿದ್ದ. ಆತನ ಕಾಲದ ನಾಣ್ಯಗಳಲ್ಲಿ ಲಿಬರ್ಟಿಯ ತಲೆಯ ಸುತ್ತ ಇರುವ 13 ನಕ್ಷತ್ರಗಳಲ್ಲಿ ಕೊನೆಯದರ ಒಂದು ತುದಿಯಲ್ಲಿ ಚಿಕ್ಕ ಕಚ್ಚು ಇರುತ್ತದೆ. ಅದು ಆತ ಗುಟ್ಟಾಗಿ ಹಾಕಿದ ಸಹಿ ಅಂತ ಸಂಗ್ರಾಹಕರು ನಂಬುತ್ತಾರೆ. ಸವೆದ ನಾಣ್ಯದಲ್ಲೂ ಎಷ್ಟೋ ಸಲ ಅದು ಕಾಣುತ್ತೆ. ಮೊದಲ ಸಲ ಕಂಡಾಗ ಆಗುವ ಖುಷಿಯನ್ನು ನೀವೇ ಅನುಭವಿಸಬೇಕು.

ಪ್ರಶ್ನೆ: ನಮ್ಮ ತಾತನ ಪೆಟ್ಟಿಗೆಯಲ್ಲಿ 1804 ಅಂತ ಇಸವಿ ಇರುವ ಅಮೆರಿಕನ್ ಡಾಲರ್ ಸಿಕ್ಕಿದೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಕೋಟಿಗಟ್ಟಲೆ ಬೆಲೆ. ಏನು ಮಾಡಲಿ? (ಓದುಗರು, ಮೈಸೂರು)

ಉತ್ತರ: ನಿಮ್ಮ ಹಾಗೆಯೇ ಇನ್ನೂ ಕೆಲವರು ಬರೆದಿದ್ದಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. 1804ರ ಡಾಲರ್ ಜಗತ್ತಿನಲ್ಲಿ ಇರುವುದು 16. ಹೆಚ್ಚುಕಡಿಮೆ ಒಂದೊಂದೂ ಎಲ್ಲಿದೆ, ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ದಾಖಲೆ ಇದೆ. ತಾತನ ಪೆಟ್ಟಿಗೆಯಲ್ಲಿರುವುದು ಹದಿನೇಳನೆಯದು ಆಗುವ ಸಾಧ್ಯತೆ ಇಲ್ಲ ಅಂತಲೇ ತಿಳಿಯಿರಿ. ಬೇಜಾರಾಗಬೇಡಿ. ಕಥೆ ಕೇಳಿ.

ಈ 16ರಲ್ಲಿ ಒಂದೂ 1804ರಲ್ಲಿ ಅಚ್ಚಾದದ್ದಲ್ಲ! ಆ ವರ್ಷ 19,570 ಡಾಲರ್ ಅಚ್ಚಾಯಿತು ಅಂತ ಟಂಕಸಾಲೆಯ ಲೆಕ್ಕದ ಪುಸ್ತಕದಲ್ಲಿದೆ, ನಿಜ. ಆದರೆ ಅವುಗಳ ಮೇಲಿದ್ದದ್ದು ಹಿಂದಿನ ವರ್ಷದ ಇಸವಿ. ಅಚ್ಚು ಗಟ್ಟಿ ಇರುವವರೆಗೆ ಬಳಸುವುದು ಆಗಿನ ಪದ್ಧತಿ, ವರ್ಷ ಬದಲಾಯಿತು ಅಂತ ಒಳ್ಳೆಯ ಉಕ್ಕನ್ನು ಯಾರೂ ಎಸೆಯುತ್ತಿರಲಿಲ್ಲ. ಆಮೇಲೆ ಮೂವತ್ತು ವರ್ಷ ಕಳೆಯಿತು. 1834ರಲ್ಲಿ ಅಮೆರಿಕ ಸರ್ಕಾರ ಏಷ್ಯಾದ ರಾಜರ ಜೊತೆ ವ್ಯಾಪಾರದ ಒಪ್ಪಂದ ಮಾಡಿಕೊಳ್ಳುತ್ತಿತ್ತು. ರಾಯಭಾರಿ ಎಡ್ಮಂಡ್ ರಾಬರ್ಟ್ಸ್ ಕೈಯಲ್ಲಿ ಕಾಣಿಕೆಯಾಗಿ ನಾಣ್ಯಗಳ ಒಂದೊಂದು ಪೂರ್ತಿ ಜೊತೆ ಕಳಿಸಬೇಕು ಅಂತಾಯಿತು. ಪೂರ್ತಿ ಅಂದರೆ ಡಾಲರ್ ಇಲ್ಲದೆ ಆಗುತ್ತಾ? ಆದರೆ ಡಾಲರ್ ಅಚ್ಚು ಹಾಕಿ ಆಗಲೇ ಮೂವತ್ತು ವರ್ಷ. ಅಧಿಕಾರಿಗಳು ಪುಸ್ತಕ ತೆಗೆದು ನೋಡಿದರು, ಕೊನೆಯ ವರ್ಷ 1804 ಅಂತಿತ್ತು, ಅದೇ ಇಸವಿ ಹಾಕಿ ಹೊಸದಾಗಿ ಅಚ್ಚು ಮಾಡಿಸಿದರು. ಒಂದು ಜೊತೆ ಮಸ್ಕತ್ತಿನ ಸುಲ್ತಾನನಿಗೆ, ಒಂದು ಸಯಾಮಿನ (ಇಂದಿನ ಥಾಯ್ಲೆಂಡ್) ರಾಜನಿಗೆ ಹೋಯಿತು. ಇನ್ನೂ ಮುಂದಕ್ಕೆ ಹೋಗುವಷ್ಟರಲ್ಲಿ, 1836ರಲ್ಲಿ, ರಾಬರ್ಟ್ಸ್ ಮಕಾವ್‌ನಲ್ಲಿ ತೀರಿಕೊಂಡ.

ಆ ಮೊದಲ ಬಗೆಯ ಡಾಲರುಗಳು 8 ಇವೆ. ಉಳಿದ 8 ಅದಕ್ಕಿಂತ ಎರಡು ದಶಕ ಈಚಿನವು, ಟಂಕಸಾಲೆಯ ಒಳಗಿನವರೇ ಶ್ರೀಮಂತ ಸಂಗ್ರಾಹಕರಿಗಾಗಿ ಗುಟ್ಟಾಗಿ ಹೊಡೆದದ್ದು. ಅದರಲ್ಲೂ ಒಂದನ್ನು ಸ್ವಿಟ್ಜರ್ಲೆಂಡಿನ ಬರ್ನ್‌ನ 1857ರ ಒಂದು ಬೆಳ್ಳಿ ನಾಣ್ಯದ ಮೇಲೆಯೇ ಹೊಡೆದಿದ್ದಾರೆ. ಅದು ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. 1804 ಅಂತ ಇಸವಿ ಇರುವ ಡಾಲರನ್ನು 1857ರ ನಾಣ್ಯದ ಮೇಲೆ ಹೊಡೆದಿದ್ದಾರೆ ಅಂದರೆ ಬೇರೆ ಸಾಕ್ಷಿ ಬೇಕಿಲ್ಲ ಅಲ್ವಾ.

ಈಗ ನಿಮ್ಮದನ್ನು ಪರೀಕ್ಷಿಸುವ ದಾರಿ. ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಆ ಕಾಲದ ಡಾಲರ್ 416 ಗ್ರೇನ್, ಅಂದರೆ 26.96 ಗ್ರಾಂ ಇರಬೇಕು. ಸವೆದಿದ್ದರೆ ಸ್ವಲ್ಪ ಕಡಿಮೆ. 20-22 ಗ್ರಾಂ ಬಂತೋ, ಅಲ್ಲಿಗೆ ಮುಗಿಯಿತು. ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಬೆಳ್ಳಿಯಲ್ಲ. ಆಮೇಲೆ ಅಂಚು ನೋಡಿ. ಅಂಚಿನ ವಿಷಯ ಕೆಳಗೆ ಬೇರೆಯಾಗಿ ಬರೆದಿದ್ದೇನೆ. ಪ್ರವಾಸಿಗಳಿಗೆ ಮಾರುವ 1804ರ ನಕಲಿಗಳು ಏಷ್ಯಾದ ಎಷ್ಟೋ ಮಾರುಕಟ್ಟೆಗಳಲ್ಲಿ ಗುಡ್ಡೆ ಗುಡ್ಡೆ ಸಿಗುತ್ತವೆ. ನಿಮ್ಮ ತಾತ ಅದನ್ನು ಜೋಪಾನವಾಗಿ ಇಟ್ಟಿದ್ದರು ಅನ್ನೋದಕ್ಕೆ ಬೆಲೆ ಇದೆ, ಇಟ್ಟುಕೊಳ್ಳಿ. ಮಾರಲು ಮಾತ್ರ ಹೋಗಬೇಡಿ.

ಪ್ರಶ್ನೆ: ಅಂಚು ನೋಡಿ ಅಸಲಿ ನಕಲಿ ಹೇಳಬಹುದಂತೆ. ಹೇಗೆ? (ಓದುಗರು, ಡಲ್ಲಾಸ್)

ಉತ್ತರ: ಈ ಕಾಲದ ನಾಣ್ಯದಲ್ಲಿ ಮೊದಲು ನೋಡಬೇಕಾದ್ದೇ ಅಂಚು. ಬಹಳ ಜನ ಮುಖ ನೋಡುತ್ತಾರೆ, ಬೆನ್ನು ನೋಡುತ್ತಾರೆ, ಅಂಚು ಮರೆಯುತ್ತಾರೆ. 1794-95ರ ಡಾಲರ್ ಮತ್ತು ಅರ್ಧ ಡಾಲರ್ ತಗೊಂಡರೆ ಅದರ ಬೆಲೆ ಎಷ್ಟು ಅಂತ ಮುಖದಲ್ಲೂ ಇಲ್ಲ, ಬೆನ್ನಲ್ಲೂ ಇಲ್ಲ. ಇರುವುದು ಅಂಚಿನಲ್ಲಿ ಮಾತ್ರ. ಡಾಲರಿಗೆ ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’. ಅರ್ಧಕ್ಕೆ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’. ನಡುವೆ ಚುಕ್ಕಿ, ಚೌಕ, ಸಣ್ಣ ಅಲಂಕಾರ.

ಈ ಅಕ್ಷರ ಹಾಕುತ್ತಿದ್ದದ್ದು ಮುಖದ ಅಚ್ಚು ಬೀಳುವ ಮೊದಲೇ. ಕ್ಯಾಸ್ಟೆಂಗ್ ಯಂತ್ರ ಅಂತ ಒಂದಿತ್ತು, ಅದರಲ್ಲಿ ಎರಡು ಉಕ್ಕಿನ ಪಟ್ಟಿ, ಒಂದು ಅಲುಗಾಡದ್ದು, ಇನ್ನೊಂದು ಹಿಂದೆ ಮುಂದೆ ಸರಿಯುವುದು, ಎರಡರಲ್ಲೂ ಅರ್ಧರ್ಧ ಬರಹ ಕೆತ್ತಿರುತ್ತಿತ್ತು, ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಹಿಡಿಕೆ ತಿರುಗಿಸಿದರೆ ಬಿಲ್ಲೆ ಉರುಳುತ್ತಾ ಹೋಗಿ ಅಂಚಿಗೆ ಅಕ್ಷರ ಒತ್ತಿಕೊಳ್ಳುತ್ತಿತ್ತು. ಬಿಲ್ಲೆ ಕೊಂಚ ಜಾರಿದರೆ ಅಕ್ಷರದ ಮೇಲೆ ಅಕ್ಷರ ಬೀಳುತ್ತಿತ್ತು, ಇಲ್ಲವೇ ನಡುವೆ ಜಾಗ ಉಳಿಯುತ್ತಿತ್ತು. ಆಮೇಲೆ ಸ್ಕ್ರೂ ಪ್ರೆಸ್ಸಿನ ಪೆಟ್ಟು ಬಿದ್ದಾಗ ಬೆಳ್ಳಿ ಹೊರಕ್ಕೆ ಚಾಚಿ ಅದೇ ಅಕ್ಷರ ಸ್ವಲ್ಪ ಚಪ್ಪಟೆ ಆಗುತ್ತಿತ್ತು. ಆದ್ದರಿಂದ ಅಸಲಿ ಅಂಚು ಅಂದರೆ ಸ್ವಲ್ಪ ಸೊಟ್ಟ, ಸ್ವಲ್ಪ ಮಾಸಲು, ಕೆಲವು ಕಡೆ ಆಳ, ಕೆಲವು ಕಡೆ ಮೇಲೆ ಮೇಲೆ. ಹೊಸದಾಗಿ ಕೊರೆದ ಹಾಗೆ ಅಕ್ಷರಗಳೆಲ್ಲ ಒಂದೇ ಸಮ ಚೂಪಾಗಿದ್ದರೆ ಅನುಮಾನಪಡಿ. ಅಂಚಿನ ಸುತ್ತ ನಡುವೆ ತೆಳುವಾದ ಒಂದು ಗೆರೆ ಓಡಿದ್ದರೆ ಅದು ಎರಕ ಹೊಯ್ದ ನಕಲಿ, ಎರಡು ಅರ್ಧ ಕೂಡಿದ ಜಾಗ ಅದು. ಅಕ್ಷರವೇ ಇಲ್ಲದೆ ಗೀರು ಗೀರು ಅಂಚಿದ್ದರೂ ಬೇಡ. ಗೀರು ಅಂಚಿನ ಅರ್ಧ ಡಾಲರ್ ಬಂದದ್ದು 1836ರ ಕೊನೆಗೆ, ಉಗಿಯಂತ್ರದ ಜೊತೆ.

ಕಾಲು ಡಾಲರ್, ಡೈಮ್ (ಹತ್ತು ಸೆಂಟ್), ಅರ್ಧ ಡೈಮ್‌ಗಳಿಗೆ ಮಾತ್ರ ಈ ಮಾತು ಅನ್ವಯಿಸಲ್ಲ. ಅವಕ್ಕೆ ಮೊದಲಿನಿಂದಲೂ ಗೀರು ಅಂಚೇ.

ಪ್ರಶ್ನೆ: 1795ರ ಅರ್ಧ ಡಾಲರ್ ಒಂದನ್ನು ನೋಡಿದೆ. ಲಿಬರ್ಟಿಯ ಕೂದಲಿನ ಮೇಲೆ ಸಾಲು ಸಾಲಾಗಿ ಗೀಚಿದ ಹಾಗೆ ಗೆರೆಗಳಿವೆ. ಮಾರುವವರು ಇದು ಹಾಳಾದದ್ದಲ್ಲ, ಟಂಕಸಾಲೆಯಲ್ಲೇ ಆದದ್ದು ಅನ್ನುತ್ತಾರೆ. ನಂಬಬಹುದಾ? (ಓದುಗರು, ಸಿಯಾಟಲ್)

ಉತ್ತರ: ನಂಬಬಹುದು, ಆದರೆ ನೋಡಿ ನಂಬಿ. ಆಗ ಬೆಳ್ಳಿ ನಾಣ್ಯದ ತೂಕವೇ ಅದರ ಮಾನ. ಅರ್ಧ ಡಾಲರ್ ಅಂದರೆ 208 ಗ್ರೇನ್, 13.48 ಗ್ರಾಂ. ಆದರೆ ತಗಡನ್ನು ಸಮನಾಗಿ ಉರುಳಿಸುವ ಯಂತ್ರಗಳು ಅಷ್ಟು ಚೆನ್ನಾಗಿರಲಿಲ್ಲ. ಬಿಲ್ಲೆಗಳನ್ನು ಬೇಕೆಂತಲೇ ಒಂಚೂರು ದಪ್ಪ ಕತ್ತರಿಸಿ, ಒಂದೊಂದನ್ನೇ ತೂಗಿ, ಜಾಸ್ತಿ ಇದ್ದರೆ ಅರದಿಂದ ಉಜ್ಜಿ ಸರಿಮಾಡುತ್ತಿದ್ದರು. ಆ ಅರದ ಗೆರೆಗಳೇ ನೀವು ಕಂಡದ್ದು. 1795ರಲ್ಲಿ ಈ ಕೆಲಸಕ್ಕೆ ಸಾರಾ ವಾಲ್ಡ್ರೇಕ್ ಮತ್ತು ರೇಚಲ್ ಸಮ್ಮರ್ಸ್ ಎಂಬ ಇಬ್ಬರು ಹೆಂಗಸರನ್ನು ಸೇರಿಸಿಕೊಂಡರು. ದಿನಕ್ಕೆ ಕೂಲಿ 50 ಸೆಂಟ್. ಅಂದರೆ ಬೆಳಗಿನಿಂದ ಸಂಜೆಯವರೆಗೆ ಅವರು ಉಜ್ಜುತ್ತಿದ್ದ ಅಂಥ ಒಂದು ನಾಣ್ಯ. ನಿಮ್ಮ ನಾಣ್ಯದ ಗೆರೆ ಅವರದ್ದೇ ಕೈಯದ್ದು ಇರಬಹುದು ಅಂತ ಯೋಚಿಸಿದರೆ ನನಗಂತೂ ಅದು ಕಲೆ ಅಂತ ಅನ್ನಿಸುವುದಿಲ್ಲ.

ಗುರುತಿಸುವುದು ಹೀಗೆ. ಅರದ ಗೆರೆ ಅಚ್ಚಿನ ಪೆಟ್ಟು ಬೀಳುವ ಮುಂಚಿನದು, ಹಾಗಾಗಿ ಅದು ಅಚ್ಚಿನ ಕೆಳಗೆ ಹೂತಿರುತ್ತದೆ. ಬಯಲು ಭಾಗದಲ್ಲಿ ಅಚ್ಚು ಗಟ್ಟಿಯಾಗಿ ಒತ್ತಿ ಗೆರೆ ಅಳಿಸಿಹೋಗಿರುತ್ತದೆ. ಉಬ್ಬಿದ ಭಾಗದಲ್ಲಿ, ಅಂದರೆ ಕೂದಲಿನ ನಡುಮಧ್ಯ, ಹದ್ದಿನ ಎದೆ, ಅಂಚಿನ ಹಲ್ಲುಗಳ ಹತ್ತಿರ, ಬೆಳ್ಳಿ ಅಚ್ಚಿನ ತಳದವರೆಗೆ ತುಂಬಿಕೊಳ್ಳದೆ ಗೆರೆ ಹಾಗೇ ಉಳಿಯುತ್ತದೆ. ಗೆರೆಗಳ ಅಂಚು ಮೊಂಡಾಗಿರುತ್ತದೆ, ಬಣ್ಣ ಉಳಿದ ನಾಣ್ಯದ ಹಾಗೆಯೇ ಇರುತ್ತದೆ. ಆಮೇಲೆ ಯಾರೋ ಗೀಚಿದ್ದಾದರೆ ಗೆರೆ ಉಬ್ಬಿನ ಮೇಲೂ ಬಯಲಿನ ಮೇಲೂ ಒಂದೇ ಓಟದಲ್ಲಿ ಹೋಗುತ್ತದೆ, ಪಕ್ಕದಲ್ಲಿ ಬೆಳ್ಳಿ ಎದ್ದು ನಿಂತಿರುತ್ತದೆ, ಒಳಗೆ ಹೊಳಪು ಕಾಣುತ್ತದೆ.

ತೂಕ ಕಡಿಮೆ ಬಿದ್ದ ಬಿಲ್ಲೆಗೂ ಉಪಾಯ ಇತ್ತು. ನಡುವೆ ತೂತು ಕೊರೆದು ಒಂದು ಬೆಳ್ಳಿಯ ಬೆಣೆ ತುರುಕಿ ಅದರ ಮೇಲೆ ಅಚ್ಚು ಹೊಡೆಯುತ್ತಿದ್ದರು. 1795ರ ಕೆಲವು ಡಾಲರುಗಳಲ್ಲಿ ಅದರ ದುಂಡು ಗುರುತು ಇಂದಿಗೂ ಕಾಣುತ್ತದೆ. ಅಂಥದ್ದು ಸಿಕ್ಕರೆ ತೂತು ಮುಚ್ಚಿದ ನಾಣ್ಯ ಅಂತ ಕಡೆಗಣಿಸಬೇಡಿ, ಅದಕ್ಕೆ ಬೆಲೆ ಜಾಸ್ತಿಯೇ.

ಪ್ರಶ್ನೆ: ಮಗ ಕೊಟ್ಟ ನಾಣ್ಯ ಕಪ್ಪಗಿದೆ. ವಿಭೂತಿಯಲ್ಲಿ ತಿಕ್ಕಿದರೆ ಹೊಳೆಯುತ್ತಾ? (ಓದುಗರು, ಧಾರವಾಡ)

ಉತ್ತರ: ಹೊಳೆಯುತ್ತೆ, ಅದೇ ತೊಂದರೆ. ದಯವಿಟ್ಟು ಬೇಡ. ಹಬ್ಬಕ್ಕೆ ಬೆಳ್ಳಿ ದೀಪ ತಿಕ್ಕಿದ ಹಾಗೆ ನಾಣ್ಯ ತಿಕ್ಕಿದರೆ ಅದರ ಬೆಲೆ ಅರ್ಧಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಹೊಸ ನಾಣ್ಯದ ಹೊಳಪು ಅಂದರೆ ಅಚ್ಚು ಬಿದ್ದಾಗ ಬೆಳ್ಳಿ ಹರಿದು ಮೂಡಿದ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು. ಅದು ಒಂದು ಸಲ ಹೋದರೆ ಹೋಯಿತು. ಆ ಕಪ್ಪು, ಆ ಬೂದು, ಅಂಚಿನಲ್ಲಿ ಕಾಣುವ ನೀಲಿ, ಇವೆಲ್ಲ ಗಾಳಿಯಲ್ಲಿರುವ ಗಂಧಕ ಬೆಳ್ಳಿಯ ಜೊತೆ ಸೇರಿ ಆದದ್ದು. ಸಂಗ್ರಾಹಕರು ಹುಡುಕುವುದೇ ಆ ಬಣ್ಣವನ್ನು. ಹುಣಸೆಹಣ್ಣು, ಟೂತ್‌ಪೇಸ್ಟ್, ಅಡುಗೆ ಸೋಡಾ, ಯಾವುದೂ ಬೇಡ. ಜಿಡ್ಡೋ, ಹಳೆಯ ಪ್ಲಾಸ್ಟಿಕ್ ಕವರಿನಿಂದ ಬಂದ ಹಸಿರು ಅಂಟೋ ಇದ್ದರೆ ಮಾತ್ರ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ. ಉಜ್ಜುವ ಹಾಗಿಲ್ಲ. ಮೆತ್ತಗಿನ ಪಿವಿಸಿ ಕವರಿನಲ್ಲಿ ಇಡಬೇಡಿ, ಹಸಿರು ಅಂಟು ಬರುವುದೇ ಅದರಿಂದ.

ಪ್ರಶ್ನೆ: ‘ಓ-101’, ‘ಆರ್-5’ ಅಂತೆಲ್ಲ ನಾಣ್ಯದ ಜೊತೆ ಬರೆದಿರುತ್ತಾರಲ್ಲ, ಏನದು? ಬಸ್ಟ್ ಹಾಫ್ ಸಂಗ್ರಹಿಸಲು ಅದನ್ನು ಕಲಿಯಲೇಬೇಕಾ? (ಓದುಗರು, ಕ್ಯಾಲಿಫೋರ್ನಿಯಾ)

ಉತ್ತರ: ಕಲಿಯಲೇಬೇಕು ಅಂತಿಲ್ಲ. ಆದರೆ ಕಲಿತವರು ಬಿಡುವುದಿಲ್ಲ. ಆ ಕಾಲದಲ್ಲಿ ಉಕ್ಕಿನ ಅಚ್ಚಿನ ಮೇಲೆ ನಕ್ಷತ್ರ, ಅಕ್ಷರ, ಅಂಕಿ ಎಲ್ಲವನ್ನೂ ಒಂದೊಂದಾಗಿ ಕೈಯಿಂದ ಬಡಿದು ಕೂರಿಸುತ್ತಿದ್ದರು. ಹಾಗಾಗಿ ಯಾವ ಎರಡು ಅಚ್ಚೂ ಒಂದೇ ಥರ ಇಲ್ಲ. ಒಂದರಲ್ಲಿ ಇಸವಿಯ 8 ಎತ್ತರ, ಇನ್ನೊಂದರಲ್ಲಿ ನಕ್ಷತ್ರ ಮೂಗಿಗೆ ತಾಗುವಷ್ಟು ಹತ್ತಿರ, ಮತ್ತೊಂದರಲ್ಲಿ ತಪ್ಪು ಅಕ್ಷರ ಹೊಡೆದು ಅದರ ಮೇಲೆ ಸರಿಯಾದದ್ದು. ಆಲ್ ಓವರ್ಟನ್ ಎಂಬಾತ ಅರ್ಧ ಡಾಲರುಗಳ ಮುಖದ ಅಚ್ಚು ಯಾವುದು, ಬೆನ್ನಿನ ಅಚ್ಚು ಯಾವುದು ಅಂತ ಜೋಡಿ ಗುರುತಿಸಿ ನಂಬರು ಕೊಟ್ಟು 1967ರಲ್ಲಿ ಪುಸ್ತಕ ಮಾಡಿದ. ‘ಓ’ ಅಂದರೆ ಆ ಓವರ್ಟನ್. ಕ್ಯಾಪ್ಡ್ ಬಸ್ಟ್ ಅರ್ಧ ಡಾಲರುಗಳಲ್ಲೇ ಇಂಥ ನಾನೂರೈವತ್ತರ ಆಸುಪಾಸು ಜೋಡಿಗಳಿವೆ. ‘ಆರ್’ ಅಂದರೆ ಎಷ್ಟು ವಿರಳ ಅನ್ನುವ ಅಳತೆ. ಆರ್-1 ಅಂದರೆ ಸಾವಿರಕ್ಕೂ ಹೆಚ್ಚು ಉಳಿದಿವೆ, ಆರ್-5 ಅಂದರೆ 31ರಿಂದ 75, ಆರ್-7 ಅಂದರೆ 4ರಿಂದ 12.

ಇದರಲ್ಲಿ ಸಾಮಾನ್ಯ ಸಂಗ್ರಾಹಕನಿಗೆ ಒಳ್ಳೆಯ ಅವಕಾಶ ಇದೆ. ಎಷ್ಟೋ ಡೀಲರುಗಳು ಇಸವಿ ಮತ್ತು ಸವೆತ ನೋಡಿ ಬೆಲೆ ಹಾಕುತ್ತಾರೆಯೇ ಹೊರತು ಅಚ್ಚಿನ ಜೋಡಿ ನೋಡುವುದಿಲ್ಲ. ಅವರ ಪೆಟ್ಟಿಗೆಯಲ್ಲಿ ಸಾಧಾರಣ ಬೆಲೆಗೆ ಆರ್-5 ಕೂತಿರಬಹುದು. ಹುಡುಕಿ ತೆಗೆಯಲು ಹಣಕ್ಕಿಂತ ಕಣ್ಣು ಮತ್ತು ತಾಳ್ಮೆ ಬೇಕು. ಜೊತೆಗೆ ಜನವೂ ಬೇಕು. ಜಾನ್ ರೈಕ್ ಕಲೆಕ್ಟರ್ಸ್ ಸೊಸೈಟಿ ಅಂತ 1984ರಲ್ಲಿ ಶುರುವಾದ ಸಂಘ ಇದೆ, ಈ ಕಾಲದ ನಾಣ್ಯಗಳಿಗಾಗಿಯೇ ಇರುವುದು. ಅಮೆರಿಕದಲ್ಲಿದ್ದರೆ ಸೇರಿಕೊಳ್ಳಿ.

ಪ್ರಶ್ನೆ: ಅಮೆರಿಕ ಸ್ವತಂತ್ರವಾದ ಮೇಲೂ ಅಲ್ಲಿ ಸ್ಪೇನಿನ ನಾಣ್ಯ ನಡೆಯುತ್ತಿತ್ತಂತೆ, ನಿಜವಾ? ಡಾಲರ್ ಅಚ್ಚು ಹಾಕುವುದನ್ನು ಯಾಕೆ ನಿಲ್ಲಿಸಿದರು? (ಓದುಗರು, ತುಮಕೂರು)

ಉತ್ತರ: ನಿಜ. ಸ್ಪೇನಿನ ಎಂಟು ರಿಯಾಲ್ ನಾಣ್ಯ ಅಮೆರಿಕದಲ್ಲಿ 1857ರವರೆಗೂ ಕಾನೂನುಬದ್ಧವಾಗಿ ನಡೆಯಿತು. ಅಮೆರಿಕದ ಡಾಲರನ್ನು ಅದರ ಅಳತೆಗೆ ಮಾಡಿದ್ದೇ. ಆದರೆ ಸವೆದ ಸ್ಪೇನಿನ ನಾಣ್ಯಗಳ ಸರಾಸರಿ ಹಿಡಿದು 416 ಗ್ರೇನಿಗೆ ನಿಲ್ಲಿಸಿದರು. ಹೊಸ ಸ್ಪೇನಿನ ನಾಣ್ಯದಲ್ಲಿ ಬೆಳ್ಳಿ ಸ್ವಲ್ಪ ಜಾಸ್ತಿ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಎರಡಕ್ಕೂ ಒಂದೇ ಬೆಲೆ. ವ್ಯಾಪಾರಿಗಳು ಏನು ಮಾಡಿದರು ಅಂದರೆ ಹೊಳೆಯುವ ಅಮೆರಿಕನ್ ಡಾಲರುಗಳನ್ನು ಅಲ್ಲಿಗೆ ಒಯ್ದು, ಭಾರದ ಸ್ಪೇನಿನ ನಾಣ್ಯ ತಂದು, ಟಂಕಸಾಲೆಗೇ ಕೊಟ್ಟು ಮತ್ತೆ ಡಾಲರ್ ಮಾಡಿಸಿಕೊಂಡರು. ಟಂಕಸಾಲೆ ಇದಕ್ಕೆ ಕೂಲಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ದೇಶದೊಳಗೆ ಡಾಲರ್ ನಿಲ್ಲಲೇ ಇಲ್ಲ. 1804ರಲ್ಲೇ ಕೆಲಸ ನಿಂತಿತ್ತು, 1806ರಲ್ಲಿ ಅಧ್ಯಕ್ಷ ಜೆಫರ್ಸನ್ ಪರವಾಗಿ ವಿದೇಶಾಂಗ ಕಾರ್ಯದರ್ಶಿ ಮ್ಯಾಡಿಸನ್ ಬರೆದ ಪತ್ರದಿಂದ ಅದು ಅಧಿಕೃತವಾಯಿತು. ಮತ್ತೆ ಡಾಲರ್ ಬಂದದ್ದು 1836ರಲ್ಲಿ.

ಇದೇ ಕಾರಣಕ್ಕೆ ಇನ್ನೊಂದು ಮಾತು. ಅಮೆರಿಕದ ಹಡಗುಗಳು 1784ರಿಂದಲೇ ಭಾರತಕ್ಕೆ ಬರುತ್ತಿದ್ದವು, ಮೊದಲನೆಯದು ಆ ವರ್ಷದ ಡಿಸೆಂಬರಿನಲ್ಲಿ ಪಾಂಡಿಚೇರಿಗೆ ಬಂತು. ಹೀಗಾಗಿ ನಮ್ಮ ಕರಾವಳಿಯಲ್ಲಿ ಹಳೆಯ ಅಮೆರಿಕನ್ ಡಾಲರ್ ಸಿಗಬೇಕಲ್ಲ ಅಂತ ಕೆಲವರು ಕೇಳುತ್ತಾರೆ. ಆ ಹಡಗುಗಳು ಸರಕಿಗೆ ಕೊಡಲು ತರುತ್ತಿದ್ದದ್ದು ಮುಖ್ಯವಾಗಿ ಸ್ಪೇನಿನ ಬೆಳ್ಳಿ.

ಪ್ರಶ್ನೆ: ಪೈನ್ ಟ್ರೀ ಶಿಲ್ಲಿಂಗುಗಳಲ್ಲಿ ಎಲ್ಲದರಲ್ಲೂ 1652 ಅಂತಲೇ ಇದೆ. ಅಷ್ಟೂ ಒಂದೇ ವರ್ಷದಲ್ಲಿ ಆದವಾ? (ಓದುಗರು, ಬಾಸ್ಟನ್)

ಉತ್ತರ: ಇಲ್ಲ. ಬಾಸ್ಟನ್ ಇಂಗ್ಲೆಂಡಿನ ವಸಾಹತಾಗಿದ್ದಾಗಿನ ಬೆಳ್ಳಿ ನಾಣ್ಯಗಳು ಇವು. ಅಲ್ಲಿ ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ 1652ರಲ್ಲಿ ಶುರು ಮಾಡಿ 1682ರವರೆಗೆ ಅಚ್ಚು ಹಾಕಿದರು. ಮೊದಲು ಬರೀ ‘ಎನ್‌ಇ’ (ನ್ಯೂ ಇಂಗ್ಲೆಂಡ್) ಅಕ್ಷರ, ಆಮೇಲೆ ವಿಲೋ ಮರ, ಓಕ್ ಮರ, ಕೊನೆಗೆ ಪೈನ್. ಇಂಗ್ಲೆಂಡಿನಲ್ಲಿ ರಾಜನೇ ಇಲ್ಲದ ಕಾಲದ ಇಸವಿ ಅದು, ರಾಜ ಮರಳಿ ಬಂದ ಮೇಲೆ ಅಪ್ಪಣೆ ಇಲ್ಲದೆ ನಾಣ್ಯ ಹೊಡೆದ ಅಪವಾದ ತಪ್ಪಿಸಿಕೊಳ್ಳಲು ಹಳೆಯ ಇಸವಿ ಉಳಿಸಿಕೊಂಡರು ಅನ್ನುವ ಕಥೆ ಬಹಳ ಪ್ರಸಿದ್ಧ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ. ಓಕ್ ಮರದ ಎರಡು ಪೆನ್ನಿಯ ಮೇಲೆ 1662 ಅಂತ ಧೈರ್ಯವಾಗಿಯೇ ಹಾಕಿದ್ದಾರೆ, ಆಗ ರಾಜ ಬಂದು ಎರಡು ವರ್ಷ ಆಗಿತ್ತು. ಟಂಕಸಾಲೆಗೆ ಆಜ್ಞೆ ಆದ ವರ್ಷವನ್ನು ನಾಣ್ಯದ ಮೇಲೆ ಹಾಕಿದರು ಅನ್ನುವುದು ಹೆಚ್ಚು ಸರಳವಾದ ಉತ್ತರ. ಕೊಳ್ಳುವುದಾದರೆ ತಜ್ಞರ ಪ್ರಮಾಣ ಇಲ್ಲದೆ ಕೊಳ್ಳಬೇಡಿ, ಇದರ ನಕಲು 19ನೇ ಶತಮಾನದಿಂದಲೇ ಇದೆ.

ಪ್ರಶ್ನೆ: ಸ್ಲ್ಯಾಬ್‌ನಲ್ಲಿ ಇರುವುದನ್ನೇ ಕೊಳ್ಳಬೇಕಾ, ಬಿಡಿ ನಾಣ್ಯ ಕೊಳ್ಳಬಹುದಾ? (ಓದುಗರು, ಷಿಕಾಗೊ)

ಉತ್ತರ: ಸ್ಲ್ಯಾಬ್ ಅಂದರೆ ನಾಣ್ಯವನ್ನು ಪರೀಕ್ಷಿಸಿ, ಗ್ರೇಡು ಕೊಟ್ಟು ಮುಚ್ಚಿದ ಪ್ಲಾಸ್ಟಿಕ್ ಡಬ್ಬಿ. ಶುರುವಿನಲ್ಲಿ ಇಂಥ ಪರೀಕ್ಷೆ ಮಾಡುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಸ್ಲ್ಯಾಬ್‌ನಲ್ಲಿರುವುದೇ ಸರಿ. ಸ್ಲ್ಯಾಬ್ ಕೂಡ ನಕಲಿ ಬರುತ್ತದೆ, ಹಾಗಾಗಿ ಅದರ ಮೇಲಿನ ನಂಬರನ್ನು ಆ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಚಿತ್ರ ಇದ್ದರೆ ನಿಮ್ಮ ನಾಣ್ಯದ ಜೊತೆ ಗೆರೆಗೆ ಗೆರೆ ಹೋಲಿಸಿ. ‘ಡೀಟೇಲ್ಸ್’ ಅಂತ ಬರೆದಿದ್ದರೆ ತೊಳೆದದ್ದೋ, ಗೀಚಿದ್ದೋ, ರಿಪೇರಿ ಆದದ್ದೋ ಅಂತ ಅರ್ಥ. ನಾಣ್ಯ ಎಷ್ಟು ಸವೆಯದೆ ಉಳಿದಿದೆ ಅಂತ ಹೇಳುವ 1ರಿಂದ 70ರವರೆಗಿನ ಗ್ರೇಡು ನಂಬರಿನ ಹಿಂದೆ ಬೀಳಬೇಡಿ. 40ರ ಗ್ರೇಡಿನ ತೊಳೆದ ನಾಣ್ಯಕ್ಕಿಂತ 25ರ ಗ್ರೇಡಿನ, ಬೂದು ಬಣ್ಣ ಹಾಗೇ ಉಳಿದಿರುವ ನಾಣ್ಯ ಎಷ್ಟೋ ಮೇಲು. ಸ್ಲ್ಯಾಬ್‌ನಲ್ಲಿರುವ ಇಂಥ ಕೆಲವನ್ನು ನೋಡಿ ನೋಡಿ ಕಣ್ಣು ಪಳಗಿದ ಮೇಲೆ ಬಿಡಿ ನಾಣ್ಯಕ್ಕೆ ಕೈ ಹಾಕಿ.

ಪ್ರಶ್ನೆ: ಅಮೆರಿಕದ ಬೆಳ್ಳಿ ಡಾಲರ್ ಕರಗಿಸಿ ನಮ್ಮ ರೂಪಾಯಿ ಮಾಡಿದ್ದರು ಅಂತ ಕೇಳಿದ್ದೇನೆ. ಇದು ಸುಮ್ನೆ ಕಥೆಯಾ? (ಓದುಗರು, ಹಾಸನ)

ಉತ್ತರ: ಕಥೆಯಲ್ಲ. ಕಾಲ ಮಾತ್ರ ಈಚಿನದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಭಾರತದಲ್ಲಿ ಸರಕು, ಸಂಬಳಕ್ಕೆ ಕಾಗದದ ನೋಟು ಕೊಡುತ್ತಾ ಹೋದರು. ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳಿದರು. ಖಜಾನೆಯಲ್ಲಿ ಬೆಳ್ಳಿ ತಳ ಕಂಡಿತು. ಆಗ ಅಮೆರಿಕದ ಸಂಸತ್ತು 1918ರ ಏಪ್ರಿಲಿನಲ್ಲಿ ಪಿಟ್‌ಮನ್ ಕಾಯಿದೆ ಮಾಡಿ ತನ್ನ ಖಜಾನೆಯ ಬೆಳ್ಳಿ ಡಾಲರುಗಳನ್ನು ಕರಗಿಸಲು ಬಿಟ್ಟಿತು. ಕರಗಿದ್ದು 27 ಕೋಟಿಗೂ ಮೇಲೆ. ಅದರಲ್ಲಿ ಸುಮಾರು 25 ಕೋಟಿ 91 ಲಕ್ಷ ಡಾಲರಿನ ಬೆಳ್ಳಿ ಬ್ರಿಟನ್ನಿನ ಮೂಲಕ ಭಾರತಕ್ಕಾಗಿ ಹೋಯಿತು. ಒಂದು ಡಾಲರಿನಲ್ಲಿದ್ದ ಶುದ್ಧ ಬೆಳ್ಳಿ ಸುಮಾರು 24 ಗ್ರಾಂ, ನಮ್ಮ ಆಗಿನ ರೂಪಾಯಿಯಲ್ಲಿ 10.7 ಗ್ರಾಂ. ಲೆಕ್ಕ ಹಾಕಿದರೆ ಒಂದು ಡಾಲರಿಗೆ ಎರಡೂಕಾಲು ರೂಪಾಯಿ. ಐದನೇ ಜಾರ್ಜ್ ಮುಖದ 1918, 1919, 1920ರ ರೂಪಾಯಿ ನಿಮ್ಮ ಮನೆಯಲ್ಲಿದ್ದರೆ ಅದರಲ್ಲಿ ಆ ಬೆಳ್ಳಿ ಬೆರೆತಿರುವುದು ಸಾಧ್ಯ.

ಕರಗಿದ್ದರಲ್ಲಿ ಹೆಚ್ಚಿನವು 1878ರಿಂದ ಶುರುವಾದ ಮಾರ್ಗನ್ ಎಂಬ ವಿನ್ಯಾಸದ ಡಾಲರುಗಳು. ಯಾವ ವರ್ಷದ್ದು ಎಷ್ಟು ಕರಗಿತು ಅಂತ ಯಾರೂ ಬರೆದಿಡಲಿಲ್ಲ. ಅಚ್ಚಾದ ಸಂಖ್ಯೆ ದೊಡ್ಡದಿದ್ದರೂ ಕೆಲವು ವರ್ಷದ ಡಾಲರ್ ಈಗ ಕೈಗೆ ಸಿಗದೆ ಇರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಮಗ ಅಮೆರಿಕದಲ್ಲಿ 1820ರ ದಶಕದ ಕೆಲವು ನಾಣ್ಯ ಕೊಂಡಿದ್ದಾನೆ. ಈ ಸಲ ಬರುವಾಗ ತಂದು ಮನೆಯಲ್ಲಿಟ್ಟು ಹೋಗುತ್ತೇನೆ ಅನ್ನುತ್ತಾನೆ. ತರಬಹುದಾ? (ಓದುಗರು, ಉಡುಪಿ)

ಉತ್ತರ: ತರುವ ಮುಂಚೆ ಯೋಚಿಸಲಿ. ನಮ್ಮಲ್ಲಿ 1972ರ ಪುರಾವಸ್ತು ಕಾಯಿದೆ ಇದೆ. 100 ವರ್ಷ ದಾಟಿದ ನಾಣ್ಯ ಅದರ ವ್ಯಾಖ್ಯೆಯೊಳಗೆ ಬರುತ್ತದೆ, ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಒಳಗೆ ತಂದದ್ದನ್ನು ನಾಳೆ ಅಲ್ಲಿಯ ಹರಾಜಿಗೆ ಕಳಿಸಬೇಕು ಅಂದರೆ ಪೇಚಿಗೆ ಸಿಕ್ಕಿಕೊಳ್ಳುತ್ತಾನೆ. ಇಂಥ ನಾಣ್ಯಕ್ಕೆ ಕೊಳ್ಳುವವರು ಇರುವುದೂ ಅಲ್ಲೇ. ಹಾಗಾಗಿ ನಾಣ್ಯ ಅಲ್ಲಿಯ ಬ್ಯಾಂಕ್ ಲಾಕರಿನಲ್ಲೇ ಇರಲಿ, ನಿಮಗೆ ಚೆನ್ನಾಗಿ ತೆಗೆದ ಫೋಟೋ ಕಳಿಸಲಿ, ಅಂಚಿನದ್ದೂ ಸೇರಿಸಿ. ತರಲೇಬೇಕು ಅಂದರೆ ಕೊಂಡ ಬಿಲ್ಲು ಜೊತೆಗಿರಲಿ, ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ಗೆ ತಾನಾಗಿಯೇ ಹೇಳಿ ಕಾಗದ ಮಾಡಿಸಿಕೊಳ್ಳಲಿ.